ಮುನ್ನೂರ ಇಪ್ಪತ್ತು ಡಿಗ್ರಿಯ ಗುರುವಾರ

ರೇಡಿಯೋದೊಳಗೆ ಒಂದು ತಂತಿ ಬಿಟ್ಟಿತ್ತು, ಅಷ್ಟೇ. ಆಳಂದದ ಹೈಸ್ಕೂಲಿನಲ್ಲಿ ಗಣಿತ ಕಲಿಸುವ ಶಿವರಾಯ ಮಾಸ್ತರು ಅದರ ತಂಟೆಗೆ ಹೋಗದಿದ್ದರೆ ಅದು ಇನ್ನೂ ಹತ್ತು ವರ್ಷ ಕೊರಕೊರ ಅನ್ನುತ್ತಲಾದರೂ ಹಾಡಿಕೊಂಡಿರುತ್ತಿತ್ತು. ಆದರೆ ಮಾಸ್ತರಿಗೆ ಎಲೆಕ್ಟ್ರಾನಿಕ್ಸಿನ ಹುಚ್ಚು. ಅಂಚೆಯಲ್ಲಿ ತರಿಸಿದ ಪುಸ್ತಕ ನೋಡಿ ಅವರು ಕತ್ತಲಾದರೆ ತಾನೇ ಹತ್ತುವ ದೀಪ ಮಾಡಿದ್ದರು. ಅದು ಹಗಲೆಲ್ಲ ಉರಿದು ಕತ್ತಲಾದ ಕೂಡಲೇ ಆರುತ್ತಿತ್ತು. ಬಾಗಿಲಿಗೆ ಗಂಟೆ ಮಾಡಿದ್ದರು. ಅದು ನೆಂಟರು ಬಂದಾಗ ಸದ್ದು ಮಾಡದೆ ಬೆಕ್ಕು ಬಂದಾಗ ಬಡಿದುಕೊಳ್ಳುತ್ತಿತ್ತು.

ಇಂಥವರ ಕೈಗೆ ಹೆಂಡತಿಯ ರೇಡಿಯೋ ಸಿಕ್ಕಿತು. ತಂತಿ ಬೆಸೆಯುವ ಅವರ ಹಳೆಯ ಸೋಲ್ಡರಿಂಗ್ ಐರನ್ನಿಗೆ ಹದವೆಂಬುದೇ ಗೊತ್ತಿರಲಿಲ್ಲ. ಪ್ಲಗ್ಗಿಗೆ ಹಾಕಿದರೆ ಕಾಯುತ್ತ ಹೋಗುವುದೊಂದೇ ಅದರ ಕೆಲಸ. ಒಂದು ತಂತಿ ಬೆಸೆಯಲು ಹೋದದ್ದು ಒಳಗಿನ ಸರ್ಕ್ಯೂಟ್ ಹಲಗೆಯ ಮೇಲಿನ ತಾಮ್ರದ ಗೆರೆಗಳನ್ನು ಸುಲಿದು, ಮೂರು ಬಿಡಿಭಾಗ ಸುಟ್ಟು, ಪಡಸಾಲೆ ತುಂಬ ಹೊಗೆ ಎಬ್ಬಿಸಿ ಮುಗಿಯಿತು. ರೇಡಿಯೋ ಮೂಕವಾಯಿತು.

ಅದು ಮದುವೆಯಲ್ಲಿ ಕಸ್ತೂರಿಬಾಯಿಗೆ ಅಪ್ಪ ಅಫಜಲಪುರದಿಂದ ತಂದು ಕೊಟ್ಟದ್ದು. ಅಪ್ಪ ಈಗಿಲ್ಲ. ಆದರೂ ಆಕೆ ಗಂಡನಿಗೆ ಒಂದು ಮಾತು ಅನ್ನಲಿಲ್ಲ. "ಆಗ್ಲಿ ಬಿಡ್ರಿ, ವಯಸ್ಸಾಗಿತ್ತು ಅದಕ್ಕೂ," ಅಂದಳು. ಆಮೇಲೆ ದಿನಾ ಬೆಳಿಗ್ಗೆ ಆ ಮೂಕ ಪೆಟ್ಟಿಗೆಯನ್ನು ಸೆರಗಿನಿಂದ ಒರೆಸಿ ಇಡುವುದನ್ನು ಮಾತ್ರ ಬಿಡಲಿಲ್ಲ. ಬೈದಿದ್ದರೆ ಮಾಸ್ತರಿಗೆ ಅರ್ಧ ಹಗುರಾಗುತ್ತಿತ್ತು. ಆ ಒರೆಸುವ ಸೆರಗು ನೋಡಿ ನೋಡಿ ಮೂರು ತಿಂಗಳಲ್ಲಿ ಅವರಿಗೆ ರೊಟ್ಟಿ ಸೇರದಾಯಿತು.

ಅಷ್ಟರಲ್ಲಿ ಓಣಿಯ ಹೆಂಗಸರ ಬೀಸುವ ಹಾಡುಗಳಿಗೆ ಕಲಬುರ್ಗಿ ರೇಡಿಯೋ ಸ್ಟೇಷನ್ನಿನಿಂದ ಕರೆ ಬಂತು. ಐದು ಜನ ಬಸ್ಸಿನಲ್ಲಿ ಹೋಗಿ ಹಾಡಿ ಬಂದರು. ಮುಂದೆ ನಿಂತು ಹಾಡಿದವಳು ಕಸ್ತೂರಿಬಾಯಿ. ಪ್ರಸಾರದ ದಿನ ಪತ್ರ ಬರೆದು ತಿಳಿಸುತ್ತಾರಂತೆ ಅಂತ ಸುದ್ದಿಯಾಯಿತು. ಪಕ್ಕದ ಮನೆಯ ಪ್ಯಾರಿಬಿ, "ನಮ್ಮ ಮನಿಗಿ ಬರ್ರಿ ಎಲ್ಲಾರೂ, ನಮ್ಮ ರೇಡಿಯೋ ಛಲೋ ಅದ," ಅಂದಾಗ ಮಾಸ್ತರು ಎದೆ ಮುಟ್ಟಿಕೊಂಡರು.

"ಯಾರ ಮನಿಗೂ ಹೋಗೂದು ಬ್ಯಾಡ ಅಕ್ಕಾ. ಆಕಿ ಹಾಡು ಆಕಿ ಅಪ್ಪನ ರೇಡಿಯೋದಾಗೇ ಬರ್ತದ. ನಾ ಮಾಡ್ತೇನಿ."

ಮಾತು ಕೊಟ್ಟದ್ದಾಯಿತು. ಒಂದು ಬುಧವಾರ ಮಾಸ್ತರು ಹೈದರಾಬಾದಿನ ಬಸ್ಸು ಹತ್ತಿದರು. ಮರುದಿನ ಅಲ್ಲಿನ ಕೋಠಿ ಬಜಾರಿನ ಒಂದು ಅಂಗಡಿಯಲ್ಲಿ ಮೂರು ಸೋಲ್ಡರಿಂಗ್ ಯಂತ್ರ ಮುಂದಿಟ್ಟುಕೊಂಡು ಕೂತರು. ಒಂದಕ್ಕೆ ಹೆಚ್ಚು ಕಡಿಮೆ ಮಾಡುವ ಗುಂಡಿಯಿತ್ತು, ಆದರೆ ಎಷ್ಟು ಕಾದಿದೆ ಅಂತ ಹೇಳುವ ಗತಿಯಿರಲಿಲ್ಲ. ಇನ್ನೊಂದರಲ್ಲಿ ಅಂಕಿಗಳು ಕೆಂಪಗೆ ಹೊಳೆಯುತ್ತಿದ್ದವು, ಮಾಸ್ತರ ಸಂಬಳಕ್ಕೆ ಅದು ನಿಲುಕದು. ಮೂರನೆಯದಕ್ಕೆ ಇನ್ನೂರರಿಂದ ನಾನೂರ ಐವತ್ತರವರೆಗೆ ಅಂಕಿ ಬರೆದ ತಿರುಗುಗುಂಡಿ. ಅದರ ತುದಿ ತನ್ನ ಬಿಸಿಯನ್ನು ತಾನೇ ಅರಿತು ಪೆಟ್ಟಿಗೆಗೆ ತಿಳಿಸುತ್ತಿತ್ತು. ಪೆಟ್ಟಿಗೆ ಬೇಕಾದಷ್ಟೇ ಕರೆಂಟು ಕೊಟ್ಟು ನಿಲ್ಲುತ್ತಿತ್ತು. ತುದಿ ಸವೆದರೆ ಬೇರೆ ಸಿಗುತ್ತದೆಯೇ, ದಪ್ಪ ತಂತಿಗೆ ಮುಟ್ಟಿಸಿದರೆ ಬಿಸಿ ಎಷ್ಟು ಬೇಗ ತಿರುಗಿ ಬರುತ್ತದೆ ಅಂತ ಮಾಸ್ತರು ಕೇಳುತ್ತಲೇ ಹೋದರು. ಅಂಗಡಿಯವ ಊಟಕ್ಕೆ ಹೋಗಿ ಬಂದ. ಮಾಸ್ತರು ಇನ್ನೂ ಕೇಳುತ್ತಿದ್ದರು. ಕೊನೆಗೆ ಮೂರನೆಯದನ್ನೇ ಕೊಂಡು, ಬಸ್ಸಿನ ಮೇಲೆ ಇಡದೆ ತೊಡೆಯ ಮೇಲಿಟ್ಟುಕೊಂಡು ತಂದರು.

ಶುಕ್ರವಾರ ಹೊಸಿಲು ದಾಟುತ್ತಲೇ ಕೇಳಿದರು. "ಪತ್ರ ಬಂತೇನು? ಯಾವತ್ತದ ನಿನ್ನ ಹಾಡು?"

ಕಸ್ತೂರಿಬಾಯಿ ಅವರ ಧೂಳು ಹಿಡಿದ ಮುಖ ನೋಡಿದಳು, ತೋಳಿನಲ್ಲಿ ಅವುಚಿಕೊಂಡ ಪೆಟ್ಟಿಗೆ ನೋಡಿದಳು. "ಮುಂದಿನ ಗುರುವಾರ್ರಿ. ಮಧ್ಯಾಹ್ನ ಹನ್ನೆರಡೂವರಿಗಿ."

ಆರು ದಿನ ಮಾಸ್ತರು ಕೈ ಪಳಗಿಸಿದರು. ಗುಜರಿ ಹಲಗೆಗಳ ಮೇಲೆ ಬೆಸೆದರು, ಬಿಡಿಸಿದರು, ಮತ್ತೆ ಬೆಸೆದರು. ಮುನ್ನೂರ ಇಪ್ಪತ್ತು ಡಿಗ್ರಿಗೆ ಗುಂಡಿ ತಿರುವಬೇಕು. ತುದಿಯನ್ನು ಒದ್ದೆ ಸ್ಪಂಜಿಗೆ ಒರೆಸಬೇಕು. ತಂತಿಗೆ ತಾಗಿಸಿ ಮೂರು ಎಣಿಸಬೇಕು. ಸೀಸದ ತಂತಿ ಕರಗಿ ಬೆಳ್ಳಗೆ ಹೊಳೆಯುತ್ತ ಹರಡಿದರೆ ಬೆಸುಗೆ ಗಟ್ಟಿ. ಕೋಠಿಯ ಅಂಗಡಿಯಲ್ಲಿ ಅವತ್ತು ಸಿಗದೆ ದುಡ್ಡು ಕಟ್ಟಿ ಬಂದಿದ್ದ ಬಿಡಿಭಾಗ ಬುಧವಾರದ ಟಪಾಲಿನಲ್ಲಿ ಬಂದವು. ಗುರುವಾರ ಮಾಸ್ತರು ಶಾಲೆಗೆ ರಜೆ ಹಾಕಿ, ಬೆಳಿಗ್ಗೆ ಒಂಬತ್ತಕ್ಕೆ ಪಡಸಾಲೆಯಲ್ಲಿ ಕೂತರು. ಒಟ್ಟು ಮೂವತ್ತೊಂದು ಬೆಸುಗೆ. ಲೆಕ್ಕದ ಪ್ರಕಾರ ಹನ್ನೊಂದಕ್ಕೆ ಮುಗಿಯಬೇಕು.

ಐದನೆಯ ಬೆಸುಗೆ ಹೊಳೆಯುತ್ತಿದ್ದಾಗ ಪ್ಯಾರಿಬಿ ತಾಮ್ರದ ಕೊಡ ಹೊತ್ತು ಬಂದಳು.

"ಶಿವರಾಯಣ್ಣಾ, ಕೊಡ ಸೋರಾಕತ್ಯಾದ. ನಿಮ್ಮ ಮಶೀನಿನಾಗ ಜರಾ ಮುಚ್ಚಿ ಕೊಡ್ರಿ."

"ಅಕ್ಕಾ, ಇದು ಸೂಜಿಯಂಥಾ ಕೆಲಸಕ್ಕ. ಕೊಡಕ್ಕ ಮುಟ್ಟಿಸಿದ್ರ ಬಿಸಿಯೆಲ್ಲಾ ಕೊಡಾನೇ ಕುಡೀತದ."

"ಕುಡೀಲಿ ಬಿಡ್ರಿ, ಅದಕ್ಕೂ ನೀರಡಿಕಿ," ಅನ್ನುತ್ತ ಆಕೆ ಅರ್ಧ ತುಂಬಿದ ಕೊಡವನ್ನು ಮೇಜಿನ ಮೇಲೆ, ಹಲಗೆಯ ಮಗ್ಗುಲಿಗೇ ಇಟ್ಟಳು. ನೀರು ದಾರವಾಗಿ ಹರಿದು ಸರಿಯಾಗಿ ಹೊಸ ಬೆಸುಗೆಗಳ ಕಡೆಗೇ ಹೊರಟಿತು. ಮಾಸ್ತರು ಧೋತರದ ಚುಂಗಿನಿಂದ ಒರೆಸಿ, ಬಿಸಿಲಿಗಿಟ್ಟು, ಊದಿ ಒಣಗಿಸುವಷ್ಟರಲ್ಲಿ ಒಂದು ತಾಸು ಕಳೆಯಿತು.

ಸುದ್ದಿ ಹಬ್ಬಿತೋ ಹೇಗೋ, ಓಣಿಯ ಹೆಂಗಸರೆಲ್ಲ ಸಾಲು ಹಚ್ಚಿದರು. ಒಬ್ಬಳು ಹಿಡಿಕೆ ಕಿತ್ತ ಬಾಣಲಿ ತಂದಳು, ಇನ್ನೊಬ್ಬಳು ಕೊಂಡಿ ಹೋದ ಟ್ರಂಕು. ಒಬ್ಬ ಮುದುಕಿ ಮುರಿದ ಕನ್ನಡಕ ಹಿಡಿದು, "ಇದಕ್ಕ ಎಷ್ಟ ಡಿಗ್ರಿ ಬೇಕಪಾ?" ಅಂತ ಕಕ್ಕುಲಾತಿಯಿಂದ ಕೇಳಿದಳು. ಮಾಸ್ತರಿಗೆ ಬೈಯಲು ಬರುತ್ತಿರಲಿಲ್ಲ. ಇಪ್ಪತ್ತೆರಡು ವರ್ಷ ಹುಡುಗರಿಗೆ ಭಾಗಾಕಾರ ಕಲಿಸಿದವರಿಗೆ ತಾಳ್ಮೆಯೊಂದೇ ಮಿಕ್ಕಿತ್ತು. ಒಬ್ಬೊಬ್ಬರಿಗೂ ತಿಳಿಹೇಳಿ ಕಳಿಸುವಷ್ಟರಲ್ಲಿ ಹನ್ನೊಂದಾಯಿತು. ಹದಿನೇಳು ಬೆಸುಗೆ ಬಾಕಿ.

ಆಗ ಎದುರು ಮನೆಯ ಕಲ್ಯಾಣಪ್ಪ ಬಂದು ಕುರ್ಚಿ ಎಳೆದುಕೊಂಡ. ನರೋಣಾದಲ್ಲಿ ಹತ್ತು ಎಕರೆ ತೊಗರಿ ಹಾಕಿದವ. ಮಳೆ ಬೆಳೆ ಬಿಟ್ಟು ಬೇರೆ ಮಾತಾಡಿದ್ದನ್ನು ಯಾರೂ ಕೇಳಿರಲಿಲ್ಲ. "ಮಾಸ್ತರ್ರ, ಈ ಮಶೀನಿಗಿ ತನ್ನ ಬಿಸಿ ತನಗ ಹ್ಯಾಂಗ ಗೊತ್ತಾಗ್ತದ್ರಿ? ಮೊದಲಿಂದ ಹೇಳ್ರಿ," ಅಂದ.

ಮೊದಲಿಂದ ಹೇಳಿ ಅಂತ ಮಾಸ್ತರಿಗೆ ಜೀವಮಾನದಲ್ಲಿ ಯಾರೂ ಕೇಳಿರಲಿಲ್ಲ. ಅವರು ಮೊದಲಿಂದಲೇ ಹೇಳಿದರು. ಕಾಗದದ ಮೇಲೆ ಚಿತ್ರ ಬರೆದು ಹೇಳಿದರು. ನಡುನಡುವೆ ಕಲ್ಯಾಣಪ್ಪ, "ಇದೊಂದ ತಿಳೀಲಿಲ್ಲ, ಮತ್ತೊಮ್ಮಿ," ಅನ್ನುತ್ತಿದ್ದ. ಗಡಿಯಾರ ನೋಡಿದಾಗ ಹನ್ನೊಂದೂ ನಲವತ್ತು. ಮಾಸ್ತರು ಹೌಹಾರಿ ಐರನ್ ಕೈಗೆತ್ತಿಕೊಂಡರು. ಕಲ್ಯಾಣಪ್ಪ ಎಲೆ ಅಡಿಕೆ ಉಗುಳಿ ಬರುತ್ತೇನೆ ಅಂತ ಹೊರಗೆ ಹೋದ.

ಇನ್ನು ಎರಡೇ ಬೆಸುಗೆ ಉಳಿದಿದ್ದಾಗ ಪೆಟ್ಟಿಗೆಯ ಕೆಂಪು ದೀಪ ಆರಿತು. ಫ್ಯಾನು ನಿಂತಿತು.

"ಅಕ್ಕಾ! ನಿಮ್ಮ ಮನ್ಯಾಗ ಕರೆಂಟ್ ಅದೇನು?" ಮಾಸ್ತರು ಕೂಗಿದರು.

ಪ್ಯಾರಿಬಿ ತನ್ನ ಮನೆಯೊಳಗೆ ಓಡಿದಳು. ಆಕೆಯ ಫ್ಯಾನಿನ ಸದ್ದು ತಟ್ಟನೆ ನಿಂತಿತು. "ಇಲ್ರಿ ಅಣ್ಣಾ, ನಮ್ಮದೂ ಹೋಗ್ಯಾದ!"

ಹನ್ನೆರಡೂ ಹತ್ತು. ಮಾಸ್ತರು ತಲೆಯ ಮೇಲೆ ಕೈಹೊತ್ತು ಕೂತಿದ್ದಾಗ ಅಂಗಳದಲ್ಲಿ ಗದ್ದಲವೆದ್ದಿತು. ಪಾತ್ರೆಗಳಿಗೆ ಕಲಾಯಿ ಹಾಕುವ ಲಾಲಸಾಬ, ಹೊತ್ತಿದ ಇದ್ದಿಲ ಅಗ್ಗಿಷ್ಟಿಕೆಯ ಸಮೇತ ಬಂದು ನಿಂತಿದ್ದ.

"ಮಾಸ್ತರ್ರ, ನನ್ನ ಧಂದಾ ಕಸ್ಕೋತೀರೇನ್ರಿ? ಓಣಿ ಕೊಡ ಎಲ್ಲಾ ಇಲ್ಲಿಗೇ ಬಂದ್ರ ನಾ ಏನ್ ತಿನ್ಲಿ? ನೀವು ಸಾಲಿ ಕಲಸ್ರಿ, ನಾ ಕಲಾಯಿ ಹಾಕ್ತೇನಿ!"

ಹತ್ತು ನಿಮಿಷ ಅವನು ಬಾಯಿ ಮುಚ್ಚಲಿಲ್ಲ. ಮಾಸ್ತರು ಎದ್ದು ಅಂಗಳಕ್ಕೆ ಬಂದರು. ಕಣ್ಣು ಒದ್ದೆಯಾಗಿದ್ದವು. "ಲಾಲಸಾಬ, ಹನ್ನೆರಡೂವರಿಗಿ ಆಕಿ ಹಾಡದ. ಮೂರು ತಿಂಗಳಾತು ನಾ ಆಕಿ ರೇಡಿಯೋ ಸುಟ್ಟು. ಎರಡ ಬೆಸುಗಿ ಉಳದಾವ, ಕರೆಂಟ್ ಇಲ್ಲ," ಅಂದರು.

ಲಾಲಸಾಬ ಅಗ್ಗಿಷ್ಟಿಕೆ ಹೊತ್ತು ಒಳಗೆ ಬಂದ. ಬಗ್ಗಿ ಹಲಗೆ ನೋಡಿದ. ಮಾಡಿದ ಬೆಸುಗೆಗಳ ಮೇಲೆ ಬೆರಳಾಡಿಸಿದ. "ಕೆಲಸ ಸಾಫ್ ಅದ್ರಿ," ಅಂತ ಗೊಣಗಿದ. "ಬೆಸುಗಿಗಿ ಕರೆಂಟ್ ಯಾಕ್ರಿ? ನಮ್ಮಪ್ಪ ಕರೆಂಟ್ ನೋಡೇ ಇಲ್ಲ."

"ಲಾಲಸಾಬ, ಬ್ಯಾಡ!" ಅಂತ ಪ್ಯಾರಿಬಿ ಬಾಗಿಲಲ್ಲಿ ಕೂಗಿದ್ದು ಅವನ ಕಿವಿಗೆ ಬೀಳಲಿಲ್ಲ. ತೂತು ಮುಚ್ಚುವ ತನ್ನ ಹೆಬ್ಬೆರಳು ಗಾತ್ರದ ತಾಮ್ರದ ಸಲಾಕೆಯನ್ನು ಕೆಂಡಕ್ಕಿಟ್ಟ. ತಿದಿ ಒತ್ತಿದ. ಸಲಾಕೆ ತೆಗೆದು ಕೆನ್ನೆಯ ಹತ್ತಿರ ಹಿಡಿದ.

"ಮುನ್ನೂರ ಇಪ್ಪತ್ತು ಆತೇನು?" ಮಾಸ್ತರು ಕೇಳಿದರು.

"ನಂಬರ್ ನನಗ ಗೊತ್ತಿಲ್ರಿ. ಗಲ್ಲಕ್ಕ ಗೊತ್ತಾಗ್ತದ. ಹಿಡೀರಿ!"

ಒಂದು ಬೆಸುಗೆ ಕೂತಿತು. ಕೊನೆಯದು ಸ್ವಿಚ್ಚಿನ ಹತ್ತಿರದ್ದು. ಸೀಸ ಒಂದಿಷ್ಟು ಜಾಸ್ತಿಯೇ ಹರಿಯಿತು, ಆದರೆ ಬೆಳ್ಳಿಯಂತೆ ಹೊಳೆಯಿತು. ಮಾಸ್ತರು ನಾಲ್ಕು ಸೆಲ್ಲು ತುಂಬಿ ಮುಚ್ಚಳ ಹಾಕಿದರು. ಗುಂಡಿ ತಿರುವುವ ಮೊದಲೇ ರೇಡಿಯೋ ಖರ್ ಅಂದಿತು. ಖುಷಿಯಲ್ಲಿ ಅದನ್ನು ಯಾರೂ ಗಮನಿಸಲಿಲ್ಲ. ಸರಿಯಾಗಿ ಹನ್ನೆರಡೂವರೆ. ಸ್ಫಟಿಕದಂಥ ದನಿ ಬಂತು.

"ತೊಗರಿ ಬೆಳೆಗೆ ಬೀಳುವ ಕಾಯಿಕೊರಕ ಹುಳುವಿನ ಹತೋಟಿ ಕುರಿತು ಈಗ ಕೇಳಿ."

ಪಡಸಾಲೆಯಲ್ಲಿ ಅಷ್ಟು ಹೊತ್ತಿಗೆ ಓಣಿಯೆಲ್ಲ ಕೂಡಿತ್ತು. ಎಲ್ಲರೂ ಕಸ್ತೂರಿಬಾಯಿ ಇದ್ದ ಅಡುಗೆಮನೆಯ ಕಡೆ ನೋಡಿದರು. "ಇದು ಮುಗದ ಮ್ಯಾಲ ಬರ್ತದ," ಅಂದರು ಮಾಸ್ತರು. ಐದು ನಿಮಿಷ ಕಳೆಯಿತು. ರೇಡಿಯೋದಲ್ಲಿ ಹುಳುವಿನ ಮೊಟ್ಟೆಯೊಡೆಯಿತು, ಹುಳುವಿಗೆ ರೆಕ್ಕೆ ಬಂತು, ಹಾಡು ಬರಲಿಲ್ಲ.

ಹಿಟ್ಟಿನ ಕೈಯಲ್ಲೇ ಕಸ್ತೂರಿಬಾಯಿ ಒಳಗಿನಿಂದ ಬಂದು ಅವರ ಪಕ್ಕದಲ್ಲಿ ಕೂತಳು. "ಬರೂದಿಲ್ರಿ ಅದು. ಹೋದ ಗುರುವಾರನ ಬಂದು ಹೋತು. ಪತ್ರ ಅವತ್ತ ಮುಂಜಾನಿ ಬಂತು. ನೀವು ಹೈದರಾಬಾದಿನಾಗ ಇದ್ರಿ. ನಾವು ಪ್ಯಾರಿಬಿ ಮನ್ಯಾಗ ಕೇಳಿದ್ವಿ."

"ಮತ್ತ ನನಗ ಯಾಕ..."

"ಮಗ್ಗಲಾಗ ಕೂಸಿನಂಗ ಹಿಡ್ಕೊಂಡ ಬಂದ್ರಿ ಆ ಪೆಟಗಿ. ಬಾಯಿ ಬರ್ಲಿಲ್ರಿ ನನಗ."

ಗುಟ್ಟು ಹೊರಬಿದ್ದ ಮೇಲೆ ಉಳಿದವರಿಗೂ ತಡೆಯಲಾಗಲಿಲ್ಲ. ಹನ್ನೆರಡೂವರೆಗೆ ರೇಡಿಯೋ ಮಾತಾಡದಿದ್ದರೆ, ಹಾಡು ಬಂದು ಹೋಯಿತು, ಕೇಳಲಾಗಲಿಲ್ಲ ಅಂತ ಮಾಸ್ತರು ನಂಬುತ್ತಾರೆ. ಮಾತಾಡಿದರೆ ಕಸ್ತೂರಿಬಾಯಿಯ ಸುಳ್ಳು ಬಯಲಾಗುತ್ತದೆ. ಅದಕ್ಕೇ ಓಣಿ ಒಂದಾಗಿ ಅವರ ಕೆಲಸಕ್ಕೆ ಅಡ್ಡ ನಿಂತಿತ್ತು. ಕಲ್ಯಾಣಪ್ಪ ಅಂಗಿಯ ಕಿಸೆಯಿಂದ ಮಾಸ್ತರ ಮನೆಯ ಫ್ಯೂಸು ತೆಗೆದು ಮೇಜಿನ ಮೇಲಿಟ್ಟ. ಕೊಡ ಸೋರುತ್ತಿರಲಿಲ್ಲವೆಂದೂ, ಮುಂಜಾನೆ ತಾನೇ ಮೊಳೆ ಹೊಡೆದು ತೂತು ಮಾಡಿದೆನೆಂದೂ ಪ್ಯಾರಿಬಿ ಒಪ್ಪಿಕೊಂಡಳು. "ನನಗ ಬರೇ ಜಗಳಾಡು ಅಂದಿದ್ರು ಇವ್ರು," ಲಾಲಸಾಬ ನೆಲ ನೋಡುತ್ತ ಅಂದ. "ಬೆಸುಗಿ ಕಂಡ ಕೂಡ್ಲೇ ಮರತ್ಬಿಟ್ಟೆ."

ಮಾಸ್ತರಿಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ತಮ್ಮೊಬ್ಬರ ಮನಸ್ಸು ನೋಯಬಾರದೆಂದು ಇಷ್ಟು ಜನ ಮುಂಜಾನೆಯಿಂದ ಕೆಲಸ ಬಿಟ್ಟು ಸುಳ್ಳು ಹೇಳಿದ್ದಾರೆ ಅನ್ನುವುದು ಅವರಿಗೆ ಈಗ ತಿಳಿಯಿತು. "ಹಾಡು ಹ್ಯಾಂಗ ಬಂದಿತ್ತು?" ಅಂತ ಹೆಂಡತಿಯನ್ನು ಕೇಳಿದರು.

"ನನಗ ನೆಟ್ಟಗ ಕೇಳಿಸ್ಲೇ ಇಲ್ರಿ. ಎಲ್ಲಾರೂ ಅದಾರ, ಇವರೊಬ್ರು ಇಲ್ಲ ಅಂತ ಅನಸಾಕತ್ತಿತ್ತು."

"ಹಂಗಾದ್ರ ಈಗ ಹಾಡು. ನಾ ಅದೇನಿ," ಅನ್ನುತ್ತ ಮಾಸ್ತರು ರೇಡಿಯೋ ಬಂದ್ ಮಾಡಲು ಗುಂಡಿ ತಿರುವಿದರು. ಅದು ನಿಲ್ಲಲಿಲ್ಲ. ಇನ್ನೊಮ್ಮೆ ತಿರುವಿದರು. ಲಾಲಸಾಬನ ಉದಾರ ಸೀಸ ಸ್ವಿಚ್ಚನ್ನು ಒಂದೇ ಗಡ್ಡೆ ಮಾಡಿತ್ತು. ಮೂರು ತಿಂಗಳು ಬಾಯಿ ತೆರೆಯದ ರೇಡಿಯೋ ಈಗ ಬಾಯಿ ಮುಚ್ಚಲೊಲ್ಲದು.

ಸೆಲ್ಲು ಕೀಳಲು ಹೋದರೆ ಕಲ್ಯಾಣಪ್ಪ ಅವರ ಕೈ ಹಿಡಿದುಕೊಂಡ. "ಕೈ ಮುಗಿತೇನ್ರಿ ಮಾಸ್ತರ್ರ, ತೆಗೀಬ್ಯಾಡ್ರಿ. ನನ್ನ ತೊಗರಿಗಿ ಅದೇ ಹುಳ ಬಿದ್ದದ. ಔಷಧ ಏನಂತ ಹೇಳ್ಲಿ!"

ಕೊನೆಗೆ ಪ್ಯಾರಿಬಿ ತೀರ್ಪು ಕೊಟ್ಟಳು. ರೇಡಿಯೋಕ್ಕೆ ಒಂದು ಕೌದಿ ಸುತ್ತಿ ಮೂಲೆಗಿಟ್ಟರು. ಕಲ್ಯಾಣಪ್ಪ ಕೌದಿಗೆ ಕಿವಿ ಹಚ್ಚಿ ಮಲಗಿದ. ಕಸ್ತೂರಿಬಾಯಿ ಕಣ್ಣು ಮುಚ್ಚಿ ಹಾಡು ಎತ್ತಿದಳು. ಇಪ್ಪತ್ತೆರಡು ವರ್ಷ ಒಂದೇ ಸೂರಿನಡಿ ಇದ್ದರೂ ಮಾಸ್ತರು ಆ ಹಾಡನ್ನು ಪೂರ್ತಿ ಕೇಳಿರಲಿಲ್ಲ. ಯಾವಾಗಲೂ ಯಾವುದೋ ಪೆಟ್ಟಿಗೆಯ ಹೊಟ್ಟೆಯಲ್ಲಿ ತಲೆಯಿಟ್ಟುಕೊಂಡೇ ಇರುತ್ತಿದ್ದರು. ಇಂಥ ದನಿ ಮನೆಯಲ್ಲೇ ಇತ್ತೆಂದು ಅವರಿಗೆ ನಾಚಿಕೆಯೂ ಸಂತೋಷವೂ ಒಟ್ಟಿಗೇ ಆದವು.

ಹಾಡು ಮುಗಿಯಿತು. "ಹ್ಯಾಂಗಾತ್ರಿ?" ಕಸ್ತೂರಿಬಾಯಿ ಮೆಲ್ಲಗೆ ಕೇಳಿದಳು.

ಮಾಸ್ತರು ಹೇಳಬೇಕಾದದ್ದನ್ನೆಲ್ಲ ಕೂಡಿಸಿಕೊಂಡು ಬಾಯಿ ತೆರೆದರು.

"ಶ್!" ಕೌದಿಯ ಮೇಲಿನಿಂದ ಕಲ್ಯಾಣಪ್ಪ ಕೈ ಎತ್ತಿದ. "ಎಕರೆಕ್ಕ ಎಷ್ಟಂತ ಹೇಳಾಕತ್ತಾರ, ಯಾರೂ ಮಾತಾಡಬ್ಯಾಡ್ರಿ!"

ಮಾಸ್ತರು ತೆರೆದ ಬಾಯಿ ಮುಚ್ಚಿದರು. ಎದ್ದು ಒಳಗೆ ಹೋಗಿ, ಒಂದು ತಂಬಿಗೆ ನೀರು ತಾವೇ ತಂದು ಹೆಂಡತಿಯ ಮುಂದಿಟ್ಟು, ಸದ್ದು ಮಾಡದೆ ಆಕೆಯ ಪಕ್ಕದಲ್ಲಿ ಕೂತರು.