ಬೀಳುವ ಡ್ರೈವರ್

ಎಡವಟ್ಟಾದದ್ದು ಒಂದೇ ಒಂದು ಪದದಲ್ಲಿ. ‘ಬಿತ್ತು’ ಎನ್ನಬೇಕಾದಲ್ಲಿ ಅವನು ‘ಬಿದ್ದ’ ಎಂದ.

ಬೆಳಗ್ಗೆ ಬಾಲ್ಕನಿಯಲ್ಲಿ ನಿಂತು ಗೆಳೆಯನಿಗೆ ಫೋನಿನಲ್ಲಿ ಹೇಳುತ್ತಿದ್ದ. “ಡ್ರೈವರ್ ಮತ್ತೆ ಬಿದ್ದ ಕಣೋ. ಲೋಡ್ ಸ್ವಲ್ಪ ಜಾಸ್ತಿ ಆದ್ರೆ ಮಲಗಿಬಿಡ್ತಾನೆ. ಎಬ್ಬಿಸಿದ್ರೆ ಏನೂ ಆಗದವನ ಹಾಗೆ ಕೆಲಸ ಶುರು ಮಾಡ್ತಾನೆ. ಇವತ್ತು ಸಂಜೆವರೆಗೆ ನಿಂತ್ರೆ ನನ್ನ ಮರ್ಯಾದೆ ಉಳಿಯುತ್ತೆ.”

ಆ ಡ್ರೈವರ್ ಮನುಷ್ಯನಲ್ಲ. ಹೀಗೆ ಫೋನಿನಲ್ಲಿ ಗೊಣಗುತ್ತಿದ್ದವನ ಮೇಜಿನ ಮೇಲೆ ಅಂಗೈಯಗಲದ ರೇಡಿಯೋ ಹಲಗೆಯೊಂದಿತ್ತು. ಯಾರು ಬೇಕಾದರೂ ಬಿಚ್ಚಿ ನೋಡಿ ತಿದ್ದಬಹುದಾದ ವೈಫೈ ಅದು. ಊರೂರಿನ ಉತ್ಸಾಹಿಗಳು ಸೇರಿ ಬರೆದದ್ದು. ಹಲಗೆಗೂ ಕಂಪ್ಯೂಟರಿಗೂ ನಡುವೆ ಮಾತು ಸಾಗಿಸುವ ಭಾಗಕ್ಕೆ ಡ್ರೈವರ್ ಎಂದು ಹೆಸರು. ಅದು ಕುಸಿಯದಂತೆ ಇವನು ಮಾಡಿದ ತಿದ್ದುಪಡಿ ಯೋಜನೆಯ ಮುಖ್ಯಸ್ಥೆಯಿಂದ ಎರಡು ಸಲ ವಾಪಸು ಬಂದಿತ್ತು. ಈ ಸಲವೂ ಬಂದರೆ ಕೆಲಸ ಬೇರೆಯವರ ಕೈಗೆ. ತಿಂಗಳುಗಟ್ಟಲೆ ಬೈದು, ಬೇಡಿಕೊಂಡು, ಅದು ಅವನ ಬಾಯಲ್ಲಿ ‘ಅವನು’ ಆಗಿಬಿಟ್ಟಿತ್ತು.

ಕೆಳಗೆ ಬಟ್ಟೆ ಒಣಹಾಕುತ್ತಿದ್ದ ನಿವೃತ್ತ ನರ್ಸಮ್ಮನ ಕೈಯಲ್ಲಿ ಟವೆಲ್ ಹಾಗೇ ನಿಂತಿತು.

ಸ್ವಲ್ಪ ಹೊತ್ತಿಗೆ ಬಾಗಿಲು ಬಡಿದ ಸದ್ದು. ಬಿ.ಪಿ. ಯಂತ್ರ ಹಿಡಿದ ನರ್ಸಮ್ಮ, ಅವರ ಹಿಂದೆ ಎದುರುಮನೆಯ ಟೈಲರ್.

“ಎಲ್ಲಿ ಮಲಗಿಸಿದೀಯಪ್ಪ ಡ್ರೈವರನ್ನ? ಬೀಳೋ ಮುಂಚೆ ಮೈ ಬಿಸಿ ಆಗುತ್ತಾ?” ಎಂದರು ನರ್ಸಮ್ಮ.

ಇಷ್ಟು ಚೆನ್ನಾದ ಪ್ರಶ್ನೆಯನ್ನು ಅವನಿಗೆ ಯಾರೂ ಕೇಳಿರಲಿಲ್ಲ. “ಆಗುತ್ತೆ,” ಎಂದ ಸಂತೋಷದಿಂದ. “ಅದಕ್ಕೇ ಫ್ಯಾನ್ ಇಟ್ಟಿದೀನಿ.”

“ಅಂಥವನ ಮೇಲೆ ಲೋಡ್ ಹೇರ್ತೀಯಲ್ಲ, ನಿಂಗೆ ಕರುಳಿಲ್ವಾ?” ಎಂದ ಟೈಲರ್.

ಒಳಗಿನಿಂದ ಅಕ್ಕ ಸೌಟು ಹಿಡಿದೇ ಬಂದಳು. “ಸೈಕಲ್ಲಿಗೆ ಗಾಳಿ ಹೊಡಿಸೋಕೆ ಸೋಮಾರಿತನ. ನಿನಗೆ ಡ್ರೈವರ್ ಬೇರೆ ಕೇಡು.”

ಬೇರೆ ದಾರಿಯಿಲ್ಲದೆ ಮೂವರನ್ನೂ ಮೇಜಿನ ಬಳಿ ಕರೆದೊಯ್ದು ವಿವರಿಸಿದ. ನರ್ಸಮ್ಮ ಕನ್ನಡಕ ಹಾಕಿಕೊಂಡು, ತೊಟ್ಟಿಲಲ್ಲಿ ಇಣುಕುವಂತೆ ಹಲಗೆಯ ಮೇಲೆ ಬಾಗಿದರು.

“ಅದಿರ್ಲಿ, ಯಾಕೆ ಬೀಳ್ತಾನೆ?”

“ಸುತ್ತಮುತ್ತಲಿನ ಮನೆಗಳ ವೈಫೈ ಎಲ್ಲ ಒಟ್ಟಿಗೆ ಮಾತಾಡುತ್ತೆ. ಎಲ್ಲಾನೂ ಇವನ ಕಿವಿಗೆ ಬೀಳುತ್ತೆ. ತಬ್ಬಿಬ್ಬಾಗ್ತಾನೆ.”

“ಮದುವೆಯಾದ ಹೊಸದರಲ್ಲಿ ನಾನೂ ಹಾಗೇ ಇದ್ದೆ,” ಎಂದರು ನರ್ಸಮ್ಮ.

“ತಬ್ಬಿಬ್ಬಾದ್ರೆ ಒಂದು ಗಳಿಗೆ ಸುಮ್ಮನಿದ್ದು ಮತ್ತೆ ಶುರು ಮಾಡು ಅಂತ ಈಗ ಬರೆದಿದೀನಿ. ನೋಡೋಣ.”

ಆಮೇಲೆ ಮನೆ ಆಸ್ಪತ್ರೆಯ ವಾರ್ಡಿನಂತಾಯಿತು. ಮೇಲಿನವರು, ಕೆಳಗಿನವರು ಇಣುಕಿ, “ನಿಂತಿದಾನಾ?” ಎಂದು ಪಿಸುಗುಟ್ಟಿ ಹೋಗುತ್ತಿದ್ದರು. ಬಿಸಿ ಮುಟ್ಟಿ ನೋಡಲು ಹೋದ ಟೈಲರನ ಟೇಪು ಫ್ಯಾನಿಗೆ ಸಿಕ್ಕಿಕೊಂಡಿತು. ಧೂಳು ಒರೆಸಲು ಬಂದ ಅಕ್ಕ ವೈರನ್ನೇ ಎಳೆದಳು; ಅವನು ಗೋಲ್‌ಕೀಪರನ ಹಾಗೆ ಹಾರಿ ಹಿಡಿದುಕೊಂಡ. ಡ್ರೈವರ್ ಮಾತ್ರ ಬೀಳಲಿಲ್ಲ.

ಅವನಿಗೇ ಸೋಜಿಗ. ದಿನವೂ ಪರದೆಯ ಮೇಲೆ ಸಂತೆಯಂತೆ ನುಗ್ಗುತ್ತಿದ್ದ ಅಕ್ಕಪಕ್ಕದ ವೈಫೈ ಮಾತಿನ ಸಾಲುಗಳು ಇವತ್ತು ಊಟ ಮುಗಿಸಿ ಅಡ್ಡಾಡುವವರಂತೆ ಒಂದೊಂದಾಗಿ ಬರುತ್ತಿದ್ದವು. ಇದೇಕೆ ಹೀಗೆ ಎಂದು ಕುರ್ಚಿ ಮುಂದೆಳೆದು ನೋಡಿದ. ತನ್ನ ತಿದ್ದುಪಡಿ ಗಾಳಿಯಲ್ಲಿನ ಗದ್ದಲಕ್ಕೂ ನಯ ಕಲಿಸಿತೆಂದುಕೊಂಡು ಹಿಂದಕ್ಕೆ ಒರಗಿದ.

ಸಂಜೆ ಯೋಜನೆಯ ಮುಖ್ಯಸ್ಥೆಗೆ ಬರೆದ: “ದಿನವಿಡೀ ಭಾರಿ ಗದ್ದಲದ ನಡುವೆಯೂ ಗಟ್ಟಿಯಾಗಿ ನಿಂತಿದೆ.” ಉತ್ತರ ಕೂಡಲೇ ಬಂತು: “ಅಭಿನಂದನೆ. ನಿಮ್ಮ ತಿದ್ದುಪಡಿ ಸೇರಿಸಿದ್ದೇವೆ. ಎಲ್ಲ ಬಳಕೆದಾರರಿಗೂ ಈಗಷ್ಟೇ ಕಳಿಸಿದೆವು.”

ಅವನು ಮೆಟ್ಟಿಲಿಗೆ ಓಡಿಬಂದ. “ಗೆದ್ದ, ನರ್ಸಮ್ಮ.”

“ಒಳ್ಳೇದಾಯ್ತಪ್ಪ. ಹಾಗಾದ್ರೆ ಇನ್ನು ಹಾಕ್ಕೋಬಹುದಾ?”

“ಏನನ್ನ?”

“ವೈಫೈನ. ಪಾಪ, ಅವನಿಗೆ ತಬ್ಬಿಬ್ಬಾಗೋದು ಬೇಡ ಅಂತ ಕಟ್ಟಡದವರೆಲ್ಲ ಬೆಳಗ್ಗೆಯಿಂದ ಆಫ್ ಮಾಡಿ ಕೂತಿದೀವಿ. ಪಕ್ಕದ ಕಟ್ಟಡಕ್ಕೂ ಟೈಲರ್ ಹೋಗಿ ಹೇಳಿ ಬಂದ.”

ಅವನು ಬಾಯಿ ತೆರೆಯುವಷ್ಟರಲ್ಲಿ ಅವರು ಮೆಟ್ಟಿಲ ಕಡೆ ತಿರುಗಿ ಕೂಗಿದ್ದರು: “ಹಾಕ್ಕೊಳ್ರಪ್ಪಾ, ಆಯ್ತು.”

ಮಹಡಿ ಮಹಡಿಯಿಂದ ಸ್ವಿಚ್ಚುಗಳ ಸದ್ದು ಕೇಳಿತು. ಒಳಗೆ ಹಲಗೆಯ ಹಸಿರು ದೀಪ ಒಮ್ಮೆ ಮಿಟುಕಿ ಆರಿತು. ಊರೂರಿನ ಬಳಕೆದಾರರ ಸಂದೇಶಗಳಿಗೆ ಕೈಯಲ್ಲಿದ್ದ ಫೋನು ನಡುಗತೊಡಗಿತು: ನಮ್ಮಲ್ಲಿ ಬಿತ್ತು, ನಮ್ಮಲ್ಲೂ ಬಿತ್ತು, ಇಲ್ಲಿ ಏಳ್ತಾನೇ ಇಲ್ಲ.

ನರ್ಸಮ್ಮ ಅವನ ಮುಖ ನೋಡಿದರು, ಫೋನು ನೋಡಿದರು.

“ಅಷ್ಟೇನಾ? ಮತ್ತೆ ಆಫ್ ಮಾಡಿಸಿದ್ರಾಯ್ತು,” ಎಂದು ಚಪ್ಪಲಿ ಮೆಟ್ಟಿಕೊಂಡರು. “ಹೇಳು, ಯಾವ್ಯಾವ ಊರಿಗೆ ಹೋಗಿ ಹೇಳ್ಬೇಕು?”