ನಾಲ್ಕನೆಯ ಭಾಷೆ ಹೇಳಿದ ಹೆಸರು

ಅರಸೀಕೆರೆಯ ಕೊಬ್ಬರಿ ಮಂಡಿಯ ಮರಿಯಣ್ಣ ಯಾರನ್ನೇ ಕಂಡರೂ ಮೊದಲು ಮನಸ್ಸಿನಲ್ಲೇ ಎತ್ತಿ, ತೂಗಿ, ಕಿವಿಯ ಹತ್ತಿರ ಅಲ್ಲಾಡಿಸಿ ನೋಡುವವನು. ಕಾಯಿ ಗೊಟಗೊಟ ಅಂದರೆ ಒಳಗೆ ಕೊಬ್ಬರಿಯಾಗಿದೆ ಎಂದು ಲೆಕ್ಕ. ಅನ್ನದಿದ್ದರೆ ಇನ್ನೂ ಅಟ್ಟದ ಮೇಲಿರಲಿ. ಹೆಣ್ಣು ನೋಡಲು ಗೆಂಡೆಹಳ್ಳಿಗೆ ಹೋದಾಗಲೂ ಅನುಸೂಯಮ್ಮನನ್ನು ಹೀಗೇ ಅಂದಾಜು ಮಾಡಿದ್ದ: ಮಾತು ಕಡಿಮೆ, ಕಣ್ಣು ಚುರುಕು, ಬಿ.ಎಸ್ಸಿ. ಅರ್ಧಕ್ಕೇ ನಿಂತಿದೆ, ಬಾಳಿಕೆ ಬರುತ್ತದೆ, ಸದ್ದು ಮಾಡುವುದಿಲ್ಲ. (ಸದ್ದು ಮಾಡದ ಕಾಯಿಯೊಳಗೆ ಇನ್ನೂ ನೀರಿರುತ್ತದೆ ಎಂಬುದು ಆ ಹೊತ್ತಿಗೆ ಹೊಳೆಯಲಿಲ್ಲ. ಲಗ್ನದ ಕಾಲದಲ್ಲಿ ಎಂಥ ವ್ಯಾಪಾರಿಗೂ ಕಿವಿ ಮಂದ.)

ಎರಡು ಸಾವಿರದ ಒಂಬತ್ತನೇ ಇಸವಿಯಲ್ಲಿ ಮರಿಯಣ್ಣ ತಿಪಟೂರಿನ ಕೊಬ್ಬರಿ ಧಾರಣೆ ನೋಡಲೆಂದು ಮನೆಗೆ ಕಂಪ್ಯೂಟರನ್ನೂ ಬ್ರಾಡ್‌ಬ್ಯಾಂಡನ್ನೂ ತರಿಸಿದ. ಧಾರಣೆ ನೋಡಿದ್ದು ಮೊದಲ ವಾರ ಮಾತ್ರ. ಆಮೇಲೆ ಅಮೆರಿಕದ ಯಾವುದೋ ವಿಶ್ವವಿದ್ಯಾಲಯದ ಮೇಷ್ಟ್ರೊಬ್ಬರು ಪರದೆಯ ಮೇಲೆ ಬಂದು ನಿಂತರು, ಹೋಗಲೇ ಇಲ್ಲ. ಕಂಪ್ಯೂಟರಿಗೆ ಕೆಲಸ ಹೇಳುವ ಭಾಷೆಗಳು ಹಲವಂತೆ, ಒಂದೊಂದಕ್ಕೂ ಬೇರೆಯದೇ ಯೋಚನೆಯ ದಾರಿಯಂತೆ, ಆ ಪಾಠವನ್ನೆಲ್ಲ ಯಾರು ಬೇಕಾದರೂ ಮನೆಯಲ್ಲೇ ಕೂತು ಕೇಳಬಹುದಂತೆ. ಅನುಸೂಯಮ್ಮ ಕೇಳಿದಳು. ಪಕ್ಕದಲ್ಲಿ ಅತ್ತೆ ಗಿಡ್ಡಮ್ಮನೂ ಎಲೆಅಡಿಕೆ ಹಾಕಿಕೊಂಡು ಕೂತಳು. ಲೈನು ನಿಧಾನವಾಗಿ, ಮೇಷ್ಟ್ರು ಎತ್ತಿದ ಕೈ ಎತ್ತಿದಂತೆಯೇ ನಿಂತುಬಿಟ್ಟಾಗ ಮುದುಕಿಗೆ ಸಂಕಟವಾಗುತ್ತಿತ್ತು. “ಕೈ ಇಳ್ಸು ಅಂತ ಹೇಳೇ. ಪಾಪ, ನೋಯಕ್ಕಿಲ್ವಾ ಅವುರ್ಗೆ?”

ಮೊದಲನೆಯ ಭಾಷೆ ಹೆಜ್ಜೆಹೆಜ್ಜೆಗೂ ಅಪ್ಪಣೆ ಕೊಡುವುದು. ಅನುಸೂಯಮ್ಮ ಕಲಿತದ್ದನ್ನು ಗಂಡನ ಮೇಲೇ ಪ್ರಯೋಗಿಸಿದಳು: ಚೀಲ ತಗೊಳ್ಳಿ, ಸಂತೆಗೆ ಹೋಗಿ, ಎಳೆಯ ಬದನೆ ಇದ್ದರೆ ತನ್ನಿ, ಇಲ್ಲದಿದ್ದರೆ ಹುರುಳಿಕಾಯಿ, ಎರಡೂ ಇಲ್ಲದಿದ್ದರೆ ಸುಮ್ಮನೆ ಬನ್ನಿ. ಇದು ಮದುವೆಯಾದಂದಿನಿಂದ ನಡೆಯುತ್ತಿದೆ, ಇದಕ್ಕೆ ಅಮೆರಿಕದಿಂದ ಮೇಷ್ಟ್ರು ಬರಬೇಕಿತ್ತೇ ಎಂದು ಮರಿಯಣ್ಣ ನಕ್ಕ. ಎರಡನೆಯ ಭಾಷೆಗೆ ಬರುವಷ್ಟರಲ್ಲಿ ನಗು ಆರಿತು. ಅದರಲ್ಲಿ ಪ್ರತಿಯೊಂದು ವಸ್ತುವೂ ತನ್ನ ಒಳಗುಟ್ಟನ್ನು ತಾನೇ ಕಾಯುತ್ತದೆ. ಹೊರಗಿನವರು ಕೇಳಬಹುದು, ಕೈ ಹಾಕುವಂತಿಲ್ಲ. ಚಕ್ಕುಲಿ ಡಬ್ಬದ ಮುಚ್ಚಳಕ್ಕೆ ಕೈ ಹೋದೊಡನೆ ಅಡುಗೆಮನೆಯಿಂದ ಅಶರೀರವಾಣಿ ಕೇಳಿಬಂತು: ಒಳಗೆ ಎಷ್ಟಿದೆ ಅನ್ನುವುದು ನಿಮಗೆ ಬೇಡ, ಏನು ಬೇಕು ಅಂತ ಹೇಳಿ, ಬರುತ್ತದೆ. ಬಂದದ್ದು ಒಂದೇ ಚಕ್ಕುಲಿ. ಮೂರನೆಯದಂತೂ ಪ್ರಳಯ. ಆ ಭಾಷೆಯಲ್ಲಿ ಒಮ್ಮೆ ಆದದ್ದನ್ನು ತಿದ್ದುವ ಹಾಗೇ ಇಲ್ಲ, ಬೇಕಾದರೆ ಹೊಸದು ಮಾಡಿಕೊಳ್ಳಬೇಕು. ಸಾರಿಗೆ ಉಪ್ಪು ಸಾಲದು ಎಂದ ಮರಿಯಣ್ಣನಿಗೆ, ಉಪ್ಪು ಸರಿಯಾಗಿರುವ ಬೇರೆ ಸಾರು ನಾಳೆ ಆಗುತ್ತದೆ ಎಂಬ ಉತ್ತರ ಸಿಕ್ಕಿತು.

ಸಪ್ಪೆ ಸಾರು ಉಂಡೆದ್ದವನೇ ಮರಿಯಣ್ಣ ರಾಜಾಜ್ಞೆ ಹೊರಡಿಸಿದ: ಈ ತಿಂಗಳ ಕೊನೆಗೆ ಕನೆಕ್ಷನ್ ಕಟ್. ಅನುಸೂಯಮ್ಮ ಜಗಳವಾಡಲಿಲ್ಲ. ನಿಲ್ಲಿಸಿದ ಓದು ಇಷ್ಟು ವರ್ಷದ ಮೇಲೆ ತಾನಾಗಿ ಮನೆಗೆ ಬಂದಿದೆ, ಇನ್ನೊಂದು ಸಲ ನಿಲ್ಲಿಸುವುದು ನನ್ನ ಕೈಲಾಗುವುದಿಲ್ಲ ಎಂದಷ್ಟೇ ಹೇಳಿದಳು. ಹಾಗೆ ಹೇಳುವಾಗ ಅವಳ ದನಿ ಏರಲಿಲ್ಲ. ಮರಿಯಣ್ಣನಿಗೆ ಹೆದರಿಕೆಯಾದದ್ದು ಅದಕ್ಕೇ. ವ್ಯಾಪಾರಸ್ಥ ಪೂರ್ತಿ ಸೋಲುವುದಿಲ್ಲವಲ್ಲ, ಒಂದು ಷರತ್ತು ಹಾಕಿದ. ನಿನ್ನ ಕಲಿಕೆಯಿಂದ ನನ್ನ ಮಂಡಿಗೆ ಒಂದೇ ಒಂದು ಉಪಕಾರವಾಗಲಿ, ಲೈನು ಇರುತ್ತದೆ.

ಮಂಡಿಯ ತೊಂದರೆ ಏನೆಂದರೆ ಅದೇ ಪೇಟೆಯ ಇನ್ನೊಬ್ಬ ವರ್ತಕ ಷಡಕ್ಷರಪ್ಪ. ಮಾರುಕಟ್ಟೆ ಯಾರ್ಡಿನ ಟೆಂಡರಿನಲ್ಲಿ ಪ್ರತಿಯೊಬ್ಬ ವರ್ತಕನೂ ತನ್ನ ದರವನ್ನು ಚೀಟಿಯಲ್ಲಿ ಗುಟ್ಟಾಗಿ ಬರೆದು ಪೆಟ್ಟಿಗೆಗೆ ಹಾಕಬೇಕು. ಹೆಚ್ಚು ಬರೆದವನಿಗೆ ಮಾಲು. ಹಾರನಹಳ್ಳಿಯ ಒಳ್ಳೆಯ ಮಾಲು ಬಂದಾಗಲೆಲ್ಲ ಷಡಕ್ಷರಪ್ಪನ ಚೀಟಿ ಮರಿಯಣ್ಣನದಕ್ಕಿಂತ ಕೂದಲೆಳೆಯಷ್ಟು ಮೇಲೆ. ಯಾರೋ ಗುಟ್ಟು ಮಾರುತ್ತಿದ್ದಾರೆ. ಯಾರೆಂದು ಹೇಳಲಿ ನಿನ್ನ ಮೇಷ್ಟ್ರು ಎಂದು ಸವಾಲೆಸೆದ.

ಅನುಸೂಯಮ್ಮ ಆಗಷ್ಟೇ ನಾಲ್ಕನೆಯ ಭಾಷೆಗೆ ಕಾಲಿಟ್ಟಿದ್ದಳು. ಅದರಲ್ಲಿ ಅಪ್ಪಣೆಯೇ ಇಲ್ಲ. ಗೊತ್ತಿರುವ ಸಂಗತಿಗಳನ್ನು ಹೇಳಿ, ಒಂದು ನಿಯಮ ಕೊಟ್ಟು, ಪ್ರಶ್ನೆ ಕೇಳಿದರಾಯಿತು. ಹುಡುಕುವ ಪಾಡು ಕಂಪ್ಯೂಟರಿನದು. ನಿಯಮ ಸರಳವಾಗಿತ್ತು: ಯಾರಿಗೆ ನಮ್ಮ ದರ ಗೊತ್ತೋ, ಯಾರು ಟೆಂಡರಿಗೆ ಮುಂಚೆ ಷಡಕ್ಷರಪ್ಪನ ಎದುರು ಇರುತ್ತಾರೋ, ಗುಟ್ಟು ಹೋದದ್ದು ಅವರಿಂದ. ಸಂಗತಿಗಳನ್ನು ಮರಿಯಣ್ಣನೇ ಹೇಳಿದ. ದರ ಗೊತ್ತಿರುವುದು ಚೀಟಿ ಬರೆಯುವ ಗುಮಾಸ್ತ ಹನುಮಂತಯ್ಯನಿಗೆ. ಷಡಕ್ಷರಪ್ಪನ ಎದುರಿರುವುದು ಯಾರ್ಡಿನ ಪಕ್ಕದ ಹೋಟೆಲಿನ ಗಂಗಯ್ಯ. ಹನುಮಂತಯ್ಯ ಹೋಟೆಲಿನ ಕಡೆ ತಲೆ ಹಾಕುವುದಿಲ್ಲ, ಗಂಗಯ್ಯನಿಗೆ ದರದ ಗಂಧವಿಲ್ಲ.

ಕಂಪ್ಯೂಟರು ಯಾರೂ ಇಲ್ಲ ಎಂದಿತು. ಮರಿಯಣ್ಣ ಟವೆಲ್ ಕೊಡವಿ ಎದ್ದ. ಟೆಲಿಫೋನ್ ಆಫೀಸಿಗೆ ಹೊರಟೇಬಿಟ್ಟ ಅನ್ನಿ.

“ಒಂದ್ನಿಮಿಷ ರೀ. ಹನುಮಂತಯ್ಯನಿಗೆ ದರ ಹೇಳೋರ್ಯಾರು?”

“ನಾನು. ಇನ್ಯಾರೇ ಹೇಳ್ತಾರೆ?”

“ಅಂದ್ಮೇಲೆ ನಿಮಗೂ ಗೊತ್ತಿರುತ್ತೆ. ಟೆಂಡರಿಗೆ ಮುಂಚೆ ನೀವು ಟೀ ಕುಡಿಯೋದು ಯಾರ ಜೊತೆ?”

ಮರಿಯಣ್ಣ ಬಾಗಿಲಲ್ಲೇ ನಿಂತ. ಷಡಕ್ಷರಪ್ಪನ ಜೊತೆ. ವೈರಿಯ ಎದುರೇ ಕೂತು ಟೀ ಕುಡಿಯುವುದು ವ್ಯಾಪಾರದ ಗತ್ತು. ಅನುಸೂಯಮ್ಮ ಎರಡೂ ಸಂಗತಿಗಳನ್ನು ಒತ್ತಿ ಮತ್ತೆ ಪ್ರಶ್ನೆ ಕೇಳಿದಳು. ಪರದೆಯ ಮೇಲೆ ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ ಒಂದೇ ಹೆಸರು ಮೂಡಿತು. ಮರಿಯಣ್ಣ.

ಅವನು ಕೂಗಾಡಿದ. ಪೇಟೆಯಲ್ಲಿ ತನ್ನಷ್ಟು ಬಾಯಿ ಬಿಗಿ ಹಿಡಿದವನು ಇನ್ನೊಬ್ಬನಿಲ್ಲ, ಸ್ವಂತ ಮಂಡಿಗೆ ಕನ್ನ ಹಾಕಲು ತನಗೇನು ತಲೆ ಕೆಟ್ಟಿದೆಯೇ, ಈ ಡಬ್ಬ ಹೆಂಡತಿಯ ಕಡೆಯದು ಎಂದೆಲ್ಲ. ಯಾರು ಅಂತ ಮಾತ್ರ ಇದು ಹೇಳುತ್ತದೆ, ಹೇಗೆ ಅನ್ನುವುದು ಗೊತ್ತಿಲ್ಲ ಎಂದು ಅನುಸೂಯಮ್ಮ ಒಪ್ಪಿಕೊಂಡಳು. ಆಗ ಗಿಡ್ಡಮ್ಮ ಎಲೆಗೆ ಸುಣ್ಣ ಸವರುತ್ತ, “ನಾಳೀಕೆ ಏನ್ ದರ ಆಕ್ತೀಯ, ಬಾಯ್ ಬಿಡ್ಬ್ಯಾಡ, ಮನಸ್ನಾಗೆ ಅಂದ್ಕ” ಎಂದಳು. ಮರಿಯಣ್ಣ ತುಟಿ ಬಿಗಿದು ಅಂದುಕೊಂಡ. ಗಿಡ್ಡಮ್ಮ ಆ ದರವನ್ನು ಚಿಲ್ಲರೆಯ ಸಮೇತ ಹೇಳಿಬಿಟ್ಟಳು.

“ಹೆಂಗವ್ವಾ?”

“ನಿನ್ ಕೈ ನೋಡ್ಕಳಲಾ.”

ನೋಡಿಕೊಂಡ. ಬಲಗೈಯ ಬೆರಳುಗಳು ಮೇಜಿನ ಮೇಲೆ ತಮ್ಮ ಪಾಡಿಗೆ ತಾವು ಮಡಚುತ್ತ ಬಿಚ್ಚುತ್ತ ಮಾತಾಡುತ್ತಿದ್ದವು. ಅವನಪ್ಪನ ಕಾಲದಲ್ಲಿ ವ್ಯಾಪಾರವೆಲ್ಲ ಟವೆಲಿನ ಮರೆಯಲ್ಲೇ: ಒಬ್ಬರ ಬೆರಳು ಇನ್ನೊಬ್ಬರು ಹಿಡಿದು ದರ ಹೇಳುವುದು. ಆ ಬೆರಳಿನ ಲೆಕ್ಕವನ್ನು ಅಪ್ಪನಿಂದ ಕಲಿತ ಮರಿಯಣ್ಣನಿಗೆ ದರ ಯೋಚಿಸಿದರೆ ಸಾಕು, ಬೆರಳು ಕುಣಿಯುತ್ತದೆ. ಗಂಡನ ಬೆರಳು ನೋಡಿ ನೋಡಿ ಗಿಡ್ಡಮ್ಮನಿಗೂ ಆ ಲೆಕ್ಕ ಬಾಯಿಪಾಠ. ಈಗ ಚೀಟಿ ಬಂದಿದೆ, ಟವೆಲು ಹೆಗಲಿಗೇರಿದೆ, ಬೆರಳಿಗೆ ಮರೆಯಿಲ್ಲ. ಷಡಕ್ಷರಪ್ಪನೂ ಹಳೇ ಕಾಲದ ವ್ಯಾಪಾರಿ. ಟೀ ಹೀರುತ್ತ ಓದಿಕೊಳ್ಳುತ್ತಿದ್ದ, ಬೆಳಗಿನ ಪೇಪರು ಓದುವ ಹಾಗೆ.

ಮಾರನೆಯ ದಿನ ಮರಿಯಣ್ಣ ಎರಡೂ ಕೈಯನ್ನು ಟವೆಲಿನೊಳಗೆ ಸುತ್ತಿಕೊಂಡು ಹೋಟೆಲಿನಲ್ಲಿ ಕೂತ. ಹೊರಗೆ ಚೈತ್ರದ ಬಿಸಿಲು ರಾಚುತ್ತಿತ್ತು.

“ಯಾಕ್ ಮರಿಯಣ್ಣ, ಚಳಿಯಾ?” ಎಂದ ಷಡಕ್ಷರಪ್ಪ.

“ಹೂಂ ಕಣಣ್ಣ. ಮೈ ನಡುಗ್ತಾ ಐತೆ.”

ಅವತ್ತು ಹಾರನಹಳ್ಳಿಯ ಮಾಲು ಮರಿಯಣ್ಣನ ಮಂಡಿಗೆ ಬಂತು. ಷಡಕ್ಷರಪ್ಪನ ಟೀ ಲೋಟದಲ್ಲೇ ಆರಿಹೋಗಿತ್ತು.

ಯಾರ್ಡಿನಿಂದ ಮರಿಯಣ್ಣ ನೇರ ಟೆಲಿಫೋನ್ ಆಫೀಸಿಗೆ ಹೋದ. ಕಟ್ ಮಾಡಿಸುವುದಕ್ಕಾ ಎಂದು ಕಿಟಕಿಯಲ್ಲಿದ್ದವರು ಕೇಳಿದರು. ಅವನ ಬೆದರಿಕೆ ಅಲ್ಲಿಗೂ ಮುಟ್ಟಿತ್ತು. ಅಲ್ಲ, ಇದಕ್ಕಿಂತ ಬಿರುಸಾದ ಲೈನು ಬೇಕು ಎಂದ. ಯಾತಕ್ಕೆ ಎಂದರು.

“ನಮ್ಮನೆಯವಳು ಓದ್ತಾವ್ಳೆ,” ಎಂದ ಮರಿಯಣ್ಣ. ಹಿಂದೆ ನಿಂತಿದ್ದವರಿಗೂ ಕೇಳಲಿ ಎಂದು ಇನ್ನೊಂದು ಸಲ ಹೇಳಿದ.

ಬಾಯಿ ಮುಚ್ಚಿಕೊಂಡಿರುವುದನ್ನು ಅವನಿಗೆ ಅಪ್ಪ ಕಲಿಸಿದ್ದ. ಕೈ ಮುಚ್ಚಿಕೊಂಡಿರುವುದನ್ನು, ಅವ್ವನ ಕಣ್ಣಿನ ನೆರವಿನಿಂದ, ಕಲಿಸಿದ್ದು ಅನುಸೂಯಮ್ಮ. ಆ ಪಾಠದ ಮಟ್ಟಿಗೆ ಮರಿಯಣ್ಣ ಹೆಂಡತಿಗೆ ಋಣಿ.