ಇಪ್ಪತ್ತೇಳು ನಿಮಿಷದ ನಿದ್ದೆಯ ಬಗ್ಗೆ ಶಿಶುನಿದ್ರಾ ತಜ್ಞರಿಗೆ

ಮಕ್ಕಳನ್ನು ಮಲಗಿಸುವ ಆ್ಯಪಿನ ಮುಖ್ಯ ತಜ್ಞರ ದಿವ್ಯ ಸನ್ನಿಧಾನಕ್ಕೆ,

ಮಾನ್ಯರೇ,

ತಾವು ಕ್ಷೇಮವಾಗಿಯೂ, ಮುಖ್ಯವಾಗಿ ಕಣ್ತುಂಬ ನಿದ್ದೆಮಾಡಿಕೊಂಡೂ ಇದ್ದೀರೆಂದು ನಂಬಿ, ಐದು ತಿಂಗಳ ಹೆಣ್ಣುಮಗುವಿನ ತಾಯಿಯೂ ಮನೆಯಲ್ಲೇ ಕೈಗಡಿಯಾರ ರಿಪೇರಿ ಮಾಡುವವಳೂ ಆದ ನಾನು ಆಕಳಿಕೆಗಳ ನಡುವೆ ಮಾಡುವ ನಮಸ್ಕಾರಗಳು.

ಈ ವಯಸ್ಸಿನ ಮಗು ಮಧ್ಯಾಹ್ನ ಎರಡು ಗಂಟೆ ಮಲಗತಕ್ಕದ್ದು ಎಂದು ತಾವು ಅಪ್ಪಣೆ ಕೊಡಿಸಿದ್ದೀರಿ. ನಮ್ಮ ಗುಂಡಮ್ಮನಿಗೆ ಇನ್ನೂ ಓದಲು ಬಾರದಿರುವುದರಿಂದ ಇಪ್ಪತ್ತೇಳನೆಯ ನಿಮಿಷಕ್ಕೆ ಸರಿಯಾಗಿ ಕಣ್ಣು ಬಿಡುತ್ತಾಳೆ. ಒಂದು ಗಡಿಯಾರ ಬಿಚ್ಚಿ ಹರಡಿಕೊಳ್ಳಲು ನನಗೆ ಇಪ್ಪತ್ತೈದು ನಿಮಿಷ ಬೇಕು. ಉಳಿದೆರಡು ನಿಮಿಷದಲ್ಲಿ ಅದನ್ನು ಜೋಡಿಸುವ ವಿದ್ಯೆಯನ್ನೂ ತಾವೇ ದಯಪಾಲಿಸಬೇಕು.

ತಾವು ಹೇಳಿದ್ದೆಲ್ಲ ಮಾಡಿದೆ. ಕೋಣೆ ಕತ್ತಲಾಗಿರಲಿ ಎಂದಿರಿ, ಕಿಟಕಿಗೆ ರಟ್ಟು ಬಡಿದೆ. ಆ ಕತ್ತಲಲ್ಲಿ ನಮ್ಮತ್ತೆ ಮಂಚದ ಕಾಲಿಗೆ ಎಡವಿ 'ಅಯ್ಯೋ' ಎಂದದ್ದರಿಂದ ಅಂದಿನ ನಿದ್ದೆ ಹನ್ನೊಂದೇ ನಿಮಿಷಕ್ಕೆ ಮುಗಿಯಿತು. ಜಲಪಾತದ ಸದ್ದು ಹಾಕಿ ಎಂದಿರಿ, ಹಾಕಿದೆ. ಮಗು ಜಲಪಾತ ಎಲ್ಲಿದೆಯೆಂದು ಕಣ್ಣರಳಿಸಿ ಹುಡುಕಿತು, ಅತ್ತೆ ಮಾತ್ರ ಗಂಟೆಗೆ ಮೂರು ಸಲ ಬಚ್ಚಲಿಗೆ ಹೋಗಿಬಂದರು. ನಿದ್ದೆ ಪೂರ್ತಿ ಹತ್ತುವ ಮೊದಲೇ ತೊಟ್ಟಿಲಿಗೆ ಇಳಿಸಿ ಎಂದಿರಿ. ಬೆನ್ನು ತಾಗಿದ ಕ್ಷಣ ಅವಳು ತೆಗೆದ ರಾಗಕ್ಕೆ ಎದುರುಮನೆಯ ಕ್ಷೌರಿಕರು ಕತ್ತರಿ ಹಿಡಿದೇ ಓಡಿಬಂದರು.

ಹೋದ ಗುರುವಾರದ ಸಂಗತಿಯನ್ನು ತಮ್ಮ ಗಮನಕ್ಕೆ ತರದಿದ್ದರೆ ಕೃತಘ್ನಳಾದೇನು. ನರ್ಸಮ್ಮನೊಬ್ಬರ ತಂದೆಯ ಹಳೆಯ ಗಡಿಯಾರ ನನ್ನ ಮೇಜಿನ ಮೇಲಿತ್ತು. ಆ ಹಿರಿಯರಿಗೆ ಕಣ್ಣು ಕಾಣದು, ಮರುದಿನ ಆಪರೇಷನ್ನು, ಅದರ ಟಿಕ್‌ಟಿಕ್ ಕಿವಿಯ ಬಳಿ ಇಲ್ಲದೆ ಆಸ್ಪತ್ರೆಯ ಮೆಟ್ಟಿಲು ಹತ್ತುವುದಿಲ್ಲವೆಂಬ ಹಠ. ನಾಲ್ಕಕ್ಕೆ ಕೊಡುತ್ತೇನೆಂದು ಮಾತು ಕೊಟ್ಟಿದ್ದೆ. ಚಿಮುಟದಲ್ಲಿ ಸಾಸಿವೆಗಿಂತ ಸಣ್ಣ ಸ್ಕ್ರೂ ಹಿಡಿದು ಉಸಿರು ಬಿಗಿಹಿಡಿದಿದ್ದಾಗ, ಮಗುವಿನ ಉಸಿರಾಟ ಆಲಿಸಲೆಂದು ತಮ್ಮ ಸಲಹೆಯಂತೆಯೇ ತೊಟ್ಟಿಲ ಪಕ್ಕ ಇಟ್ಟಿದ್ದ ಫೋನು ಗಂಟೆ ಬಾರಿಸಿ ಸಾರಿತು: "ಅಭಿನಂದನೆಗಳು! ನಿಮ್ಮ ಮಗು ಗಾಢ ನಿದ್ರೆಯಲ್ಲಿದೆ!"

ಮಗು ಎದ್ದಿತು. ನಾನು ಬೆಚ್ಚಿದೆ. ಸ್ಕ್ರೂ ಹಾರಿತು.

ಅಳುವ ಕೂಸನ್ನು ಕಂಕುಳಲ್ಲಿಟ್ಟು, ಅಯಸ್ಕಾಂತ ಹಿಡಿದು ನೆಲದ ಮೇಲೆ ತೆವಳುತ್ತಲೇ ತಮ್ಮ ಸಹಾಯವಾಣಿಗೆ ಕರೆಮಾಡಿದೆ. ತಾವೇ ಸ್ವತಃ ಮಾತಾಡುವ ಕೃಪೆ ತೋರಿದಿರಿ: "ತಾಯೀನೇ ಟೆನ್ಷನ್ ಮಾಡ್ಕೊಂಡ್ರೆ ಮಗು ಹೇಗೆ ಮಲಗುತ್ತೆ ಮೇಡಂ? ಆ್ಯಪಲ್ಲಿ ಏಳನೇ ಪಾಠ ಇನ್ನೊಂದ್ಸಲ ಕೇಳಿ." ಮಾನ್ಯರೇ, ತಮ್ಮ ಮಾತಿನ ಶಕ್ತಿ ಸಾಮಾನ್ಯವಲ್ಲ, ನನ್ನ ಮಗುವನ್ನು ನಾನೇ ಕೆಡಿಸಿದೆನೆಂದು ನಂಬಿ, ಅವಳಿಗಿಂತ ಜೋರಾಗಿ ಅತ್ತುಬಿಟ್ಟೆ.

ಬಾಗಿಲಲ್ಲಿ ನರ್ಸಮ್ಮ ನಿಂತಿದ್ದರು. ಬೈಗುಳ ಬಂತೆಂದೇ ತಲೆತಗ್ಗಿಸಿದವಳಿಗೆ ಅವರೆಂದದ್ದು, "ಕೊಡಿ ಇಲ್ಲಿ ಕೂಸನ್ನ. ಕೆಲವು ಮಕ್ಕಳು ಹೀಗೇ ಕಣಮ್ಮ, ಚೂರುಚೂರೇ ಮಲಗ್ತವೆ. ಬೆಳೀತಾ ಬೆಳೀತಾ ಸರಿಹೋಗುತ್ತೆ. ನೀವೇನೂ ತಪ್ಪು ಮಾಡಿಲ್ಲ." ಆ ಕೊನೆಯ ವಾಕ್ಯ ತಮ್ಮ ನಲವತ್ತು ಪಾಠಗಳಲ್ಲಿ ಎಲ್ಲೂ ಸಿಗದು. ಹಗಲ ಬೆಳಕಿನಲ್ಲಿ, ಅವರ ಹೆಗಲ ಮೇಲೆ, ಗುಂಡಮ್ಮ ಒಂದು ಗಂಟೆ ಹತ್ತು ನಿಮಿಷ ಮಲಗಿದಳು. ಸ್ಕ್ರೂ ಅತ್ತೆಯ ಚಪ್ಪಲಿಯಲ್ಲಿ ಸಿಕ್ಕಿತು. ಗಡಿಯಾರ ನಡೆಯಿತು; ಆ ಹಿರಿಯರು ಆಪರೇಷನ್ ಮುಗಿಸಿ ಚೆನ್ನಾಗಿದ್ದಾರೆ.

ಈಗ ಆ್ಯಪ್ ಇಲ್ಲ, ರಟ್ಟೂ ಇಲ್ಲ. ಅತ್ತೆ ಒಂದು ಸಲ, ನಾನೊಂದು ಸಲ ಹೆಗಲು ಕೊಡುತ್ತೇವೆ. ಮಗು ತೊಟ್ಟಿಲಲ್ಲಿರುವಾಗ ಬರೀ ಗಡಿಯಾರದ ಪಟ್ಟಿ ಬದಲಿಸುವ, ಗಾಜು ಕೂರಿಸುವ ಕೆಲಸ. ನನ್ನದೊಂದೇ ಬಿನ್ನಹ: ತಾವೊಮ್ಮೆ ದಯಮಾಡಿಸಿ, ನಮ್ಮ ತೊಟ್ಟಿಲಲ್ಲಿ ಮಂಡಿ ಮಡಚಿ ಮಲಗಿ, ಎರಡು ಗಂಟೆ ನಿದ್ರಿಸಿ ತೋರಿಸಬೇಕು. ತಾವು ಕಣ್ಣುಮುಚ್ಚಿದ ಕೂಡಲೇ ಅಭಿನಂದನೆಯ ಗಂಟೆ ಬಾರಿಸುವ ಹೊಣೆ ನನ್ನದು.

ಇಂತಿ,
ಮಗುವಿನ ಮೂರು ನಿದ್ದೆಗಳಲ್ಲಿ ಈ ಪತ್ರ ಬರೆದು ಮುಗಿಸಿದ
ತಮ್ಮ ವಿಶ್ವಾಸಿ,
ಗಡಿಯಾರ ರಿಪೇರಿಯವಳು

ಮರೆತ ಮಾತು: ತಮ್ಮ ಪಾಠಗಳು ನಿಷ್ಪ್ರಯೋಜಕವೆಂದು ದಯವಿಟ್ಟು ಭಾವಿಸಬಾರದು. ಬಸ್ಸು ಓಡಿಸುವ ನಮ್ಮೆಜಮಾನರು, ಅವರ ಫೋನಿನಲ್ಲಿ ಉಳಿದಿರುವ ಪಾಠಗಳಲ್ಲಿ ತಮ್ಮ ದನಿ ಕೇಳಿದ ನಾಲ್ಕನೆಯ ನಿಮಿಷಕ್ಕೆ ಗೊರಕೆ ಹೊಡೆಯುತ್ತಾರೆ. ಡ್ಯೂಟಿಯಲ್ಲಿರುವ ಚಾಲಕರಿಗೆ ಅದನ್ನು ಯಾರೂ ಕೇಳಿಸಬಾರದೆಂದು ಡಿಪೋದಲ್ಲಿ ಬೋರ್ಡು ಬರೆಸಿದ್ದಾರೆ.